ಕತ್ತಲಲ್ಲಿ ದುಡುಕದ ಗುರು

ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಪರ್ವತಾರೋಹಿಯಾಗಿದ್ದರೆಂದು ನಿಮಗೆ ಗೊತ್ತೇ?

1857ರಲ್ಲಿ ಇಟಲಿಯ ದೇಸಿಯೊದಲ್ಲಿ ಹುಟ್ಟಿದ ಅಕಿಲ್ಲೆ ರಾತ್ತಿ 1879ರಲ್ಲಿ ಗುರುದೀಕ್ಷೆ ಪಡೆದು, ಮುಂದೆ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸಿದರು. 1889ರ ಜುಲೈಯಲ್ಲಿ ಗೆಳೆಯ ಗ್ರಾಸೆಲ್ಲಿ ಗುರುಗಳು ಹಾಗೂ ಇಬ್ಬರು ಸಹಾಯಕರೊಡನೆ ಮಾಂಟೆ ರೋಸಾದ 4,634 ಮೀಟರ್ ಎತ್ತರದ ಡುಫೂರ್ ಶಿಖರವೇರಲು ಹೊರಟರು. ಸುಲಭದ ದಾರಿ ಸ್ವಿಟ್ಜರ್ಲೆಂಡಿನ ಕಡೆಯಿತ್ತು. ಅವರು ಆರಿಸಿದ್ದು ಮಕುನ್ಯಾಗ ಊರಿನ ಮೇಲಿನ ಕಡಿದಾದ ಪೂರ್ವ ಮುಖವನ್ನು. 1881ರಲ್ಲಿ ಅಲ್ಲಿನ ಹಿಮಕುಸಿತ ಮರಿನೆಲ್ಲಿ ಎಂಬ ಆರೋಹಿಯನ್ನು ಬಲಿ ತೆಗೆದುಕೊಂಡಿತ್ತು. ಬಿಸಿಲೇರಿದರೆ ಹಿಮ ಸಡಿಲಗೊಳ್ಳುವುದೆಂದು ರಾತ್ರಿಯೇ ಹೊರಟು ಆ ಅಪಾಯದ ಕೊರಕಲನ್ನು ದಾಟಿದರು.

ತುದಿಯ ಹತ್ತಿರ ಬರುವಷ್ಟರಲ್ಲಿ ಸಂಜೆಯಾಯಿತು. ಕತ್ತಲಲ್ಲಿ ಇಳಿಯುವ ದುಡುಕು ಮಾಡದೆ, ಇಕ್ಕಟ್ಟಾದ ಬಂಡೆಯಂಚಿನಲ್ಲಿ, ಕೊರೆಯುವ ಚಳಿಯಲ್ಲಿ, ಎಚ್ಚರವಾಗಿದ್ದೇ ಬೆಳಗು ಮಾಡಿದರು. ಮರುದಿನ ಬಂದ ಕೊರಕಲಿಗೆ ಮರಳದೆ, ಅದುವರೆಗೆ ಯಾರೂ ದಾಟದಿದ್ದ ಜುಮ್‌ಸ್ಟೈನ್ ಕಣಿವೆದಾರಿಯಿಂದ ಜೆರ್ಮಾಟ್ ಕಡೆಗೆ ಇಳಿದರು.

1922ರಲ್ಲಿ ಜಗದ್ಗುರುಗಳಾದ ಅವರು, ಮರುವರ್ಷ ಮೆಂತೋನಿನ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಘೋಷಿಸಿದರು. 1939ರಲ್ಲಿ ದೈವಾಧೀನರಾದರು.

ನಿಮ್ಮ ಸಂಸಾರದಲ್ಲೂ ದಾರಿ ಕಾಣದ ಇರುಳುಗಳು ಬರಬಹುದು. ಆಗ ಒಬ್ಬರನ್ನೊಬ್ಬರು ಬಿಡದೆ, ಇದ್ದಲ್ಲೇ ಗಟ್ಟಿಯಾಗಿ ನಿಂತು, ಬೆಳಕಿಗಾಗಿ ಕಾಯಿರಿ.