ಶರಣಾಗತಿಯ ಸಾಧಕಿ ಪಂಡಿತಾ ರಮಾಬಾಯಿ

ಭಕ್ತಿಯ ಮೆಟ್ಟಿಲುಗಳಲ್ಲಿ ಕಟ್ಟಕಡೆಯದು ಶರಣಾಗತಿ. ನಾನು, ನನ್ನದು ಎಂಬುದೆಲ್ಲವನ್ನೂ ಭಗವಂತನ ಪಾದದಲ್ಲಿರಿಸಿ ಅವನ ಸಂಕಲ್ಪವೇ ನಡೆಯಲಿ ಎನ್ನುವುದು ಮಾತಿಗೆ ಸುಲಭ, ಬಾಳಿಗೆ ಕಠಿನ. ದಾಸರೂ ಶರಣರೂ ಆಚಾರ್ಯರೂ ಬೋಧಿಸಿದ ಈ ತತ್ತ್ವವು ಕ್ರೈಸ್ತ ಜೀವನದಲ್ಲಿಯೂ ಸಾಧನೆಯ ಶಿಖರವೆನಿಸಿದೆ. ಶಿಲುಬೆಗೇರುವ ಮುನ್ನಿನ ರಾತ್ರಿ ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿಯು ಸಂಕಟದ ಪಾತ್ರೆಯು ತನ್ನಿಂದ ದೂರವಾಗಲೆಂದು ಬೇಡಿಕೊಂಡರೂ ಕೊನೆಗೆ ತಂದೆಯ ಚಿತ್ತಕ್ಕೇ ತನ್ನನ್ನು ಒಪ್ಪಿಸಿಕೊಂಡ ಪ್ರಸಂಗವು ಪ್ರತಿಯೊಬ್ಬ ಕ್ರೈಸ್ತ ಸಾಧಕನ ಮುಂದಿರುವ ಆದರ್ಶ. ಆದರೆ ಶರಣಾಗತಿಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೇ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು, ಕನ್ನಡನಾಡಿನ ಮಲೆಯಲ್ಲಿ ಜನಿಸಿ ಮುಂಬಯಿಯಲ್ಲಿ ಶಾರದಾ ಸದನವನ್ನಾರಂಭಿಸಿದ ಪಂಡಿತಾ ರಮಾಬಾಯಿಯವರು.

ಬೈಕುಲ್ಲಾ ನಿಲ್ದಾಣವನ್ನು ಹಾದುಹೋಗುವ ರೈಲುಹಳಿ 1853ರಷ್ಟು ಹಳೆಯದು. ಆ ಹಳಿಯ ಮೇಲೆಯೇ ಪುಣೆ, ಸೋಲಾಪುರಗಳ ಮಾರ್ಗವಾಗಿ ಕಲಬುರಗಿ, ರಾಯಚೂರುಗಳಿಗೆ ಪಯಣಿಸುವ ಕನ್ನಡಿಗರು ಅಸಂಖ್ಯ. ಪುಣೆಯನ್ನು ದಾಟಿದ ಮೇಲೆ, ದೌಂಡಿಗೆ ಮುಂಚೆ, ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ರಮಾಬಾಯಿಯವರ ಬಾಳಿನ ಅತಿ ದಾರುಣವಾದ ದಿನಗಳು ಈ ದಾರಿಯ ರಾಯಚೂರಿನಲ್ಲಿ ಕಳೆದವು. ಅವರ ಅತಿ ದೊಡ್ಡ ಸೇವೆ ಕೇಡಗಾಂವಿನಲ್ಲಿ ನೆಲೆನಿಂತಿತು. ಇವೆರಡರ ನಡುವಣ ದೂರವೇ ಅವರ ಆತ್ಮಸಾಧನೆಯ ಕಥೆ.

ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದ ಅರಣ್ಯದಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ವಂಶದವರು, ಮಹಾವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಾಧಾರಗಳನ್ನಿತ್ತು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಆ ತಾಯಿಯಿಂದಲೇ ರಮಾಬಾಯಿ ಸಂಸ್ಕೃತವನ್ನು ಕಲಿತದ್ದು. ಮಗುವಿಗೆ ಆರು ತಿಂಗಳಾದಾಗ ಆರಂಭವಾದ ಕುಟುಂಬದ ತೀರ್ಥಯಾತ್ರೆ ವರ್ಷಾನುವರ್ಷ ಮುಂದುವರಿಯಿತು. ಕ್ಷೇತ್ರಗಳಲ್ಲಿ ಪುರಾಣಪ್ರವಚನ ಮಾಡುವುದೇ ಜೀವನೋಪಾಯ.

1874ರ ಹೊತ್ತಿಗೆ ದಕ್ಷಿಣದಲ್ಲಿ ಕ್ಷಾಮ ತಲೆದೋರಿತು. ಇದ್ದ ಹಣವೆಲ್ಲ ದಾನಧರ್ಮಗಳಲ್ಲಿ ಕರಗಿತ್ತು. ಕೂಲಿ ಮಾಡಿ ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ಸಂಕೋಚ. ದೇವರು ಹೇಗೂ ಕಾಪಾಡುವನೆಂದು ವ್ರತ ಉಪಾಸನೆಗಳನ್ನು ಮತ್ತಷ್ಟು ಹೆಚ್ಚಿಸಿದರೇ ವಿನಾ ಬೇರೆ ದಾರಿ ತೋಚಲಿಲ್ಲ. ಕೊನೆಗೆ ಕಾಡನ್ನು ಹೊಕ್ಕು ಎಲೆಗಳನ್ನು ತಿಂದು ದಿನಗಳೆದರು. ದೃಷ್ಟಿಗುಂದಿದ ವೃದ್ಧ ತಂದೆ ಕಿರಿಯ ಮಗಳನ್ನು ತಬ್ಬಿಕೊಂಡು, ಅವಳನ್ನು ತಾನು ದೇವರ ಕೈಗೆ ಒಪ್ಪಿಸಿರುವೆನೆಂದೂ ಬಾಳೆಲ್ಲ ಅವನೊಬ್ಬನ ಸೇವೆಯಲ್ಲಿಯೇ ಕಳೆಯಬೇಕೆಂದೂ ಹರಸಿ ಕಣ್ಮುಚ್ಚಿದರು. ಉಳಿದವರು ನಡೆಯುತ್ತ ರಾಯಚೂರನ್ನು ಸೇರಿದರು. ಜ್ವರದಿಂದ ಬಳಲುತ್ತಿದ್ದ ತಾಯಿಗಾಗಿ ರಮಾಬಾಯಿ ನೆರೆಯ ಗೃಹಿಣಿಯೊಬ್ಬರ ಮುಂದೆ ನಿಂತರು. ಬೇಡಲು ಬಾಯಿಯೇ ಬರಲಿಲ್ಲ. ಆಕೆ ಕನಿಕರದಿಂದ ಕೊಟ್ಟ ಸಜ್ಜೆಯ ರೊಟ್ಟಿಯನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಶವವನ್ನು ಹೊರಲು ನಾಲ್ವರು ದೊರೆಯದೆ ಮಗಳೂ ಹೆಗಲು ಕೊಡಬೇಕಾಯಿತು. ಸ್ವಲ್ಪಕಾಲದಲ್ಲಿ ಅಕ್ಕ ಕೃಷ್ಣಾಬಾಯಿಯೂ ತೀರಿಕೊಂಡರು. ತಂದೆತಾಯಿಗಳು ನಂಬಿದ್ದ ದೇವರೆಲ್ಲಿ ಎಂಬ ಪ್ರಶ್ನೆ ಅಂದು ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಣ್ಣ ಶ್ರೀನಿವಾಸನೊಡನೆ ಕಾಲ್ನಡಿಗೆಯಲ್ಲಿಯೇ ಉತ್ತರ ಭಾರತವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವತ್ಸಭೆ ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿತು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು, ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತನಾಲ್ಕು ತುಂಬುವ ಮುನ್ನವೇ ವೈಧವ್ಯ ಪ್ರಾಪ್ತವಾಯಿತು. ಆದರೂ ಕುಗ್ಗದೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ಇಂಗ್ಲೆಂಡಿಗೆ ತೆರಳಿ, ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿ ಮಗಳೊಡನೆ ಕ್ರೈಸ್ತದೀಕ್ಷೆ ಪಡೆದರು. ಪತಿತೆಯರಿಗೂ ಆಶ್ರಯವಿತ್ತು ಹೊಸಬಾಳು ಕೊಡುತ್ತಿದ್ದ ಸೋದರಿಯರ ಸೇವೆ ಅವರ ಮನಸ್ಸನ್ನು ಗೆದ್ದಿತ್ತು.

ಆದರೆ ದೇವರಿಗೆ ತಲೆಬಾಗಿದ ರಮಾಬಾಯಿ ಮನುಷ್ಯರ ಅಧಿಕಾರಕ್ಕೆ ಸುಲಭವಾಗಿ ಬಾಗಿದವರಲ್ಲ. ಮತತತ್ತ್ವಗಳ ವಿಚಾರದಲ್ಲಿ ತಮ್ಮ ಗುರುಸ್ಥಾನದ ಸೋದರಿಯೊಡನೆಯೂ ದೀರ್ಘವಾಗಿ ವಾದಿಸಿದರು. ತಮ್ಮ ಆತ್ಮಸಾಕ್ಷಿಯನ್ನು ಯಾವ ಬಿಷಪ್ಪರಿಗೂ ಒತ್ತೆಯಿಡಲೊಪ್ಪಲಿಲ್ಲ. ದೇವರ ಚಿತ್ತವೆಂದು ಹೇಳಲಾಗುವುದೆಲ್ಲ ದೇವರ ಚಿತ್ತವಲ್ಲ ಎಂಬ ವಿವೇಕ ಅವರ ಶರಣಾಗತಿಯ ಮೊದಲ ಲಕ್ಷಣ.

ಅಮೆರಿಕೆಯಲ್ಲಿ ಸಂಚರಿಸಿ ಬಾಲವಿಧವೆಯರ ಉದ್ಧಾರಕ್ಕಾಗಿ ನೆರವು ಕೂಡಿಸಿ ಹಿಂದಿರುಗಿದ ಅವರು 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವನ್ನು ತೆರೆದರು. ತುಂಗೆಯ ತೀರದ ಶೃಂಗೇರಿಯಲ್ಲಿ ನೆಲೆಸಿರುವ, ನವರಾತ್ರಿಯಲ್ಲಿ ನಾಡೆಲ್ಲ ಪೂಜಿಸುವ ವಿದ್ಯಾಧಿದೇವತೆಯ ಹೆಸರೇ ಆ ಶಾಲೆಗೂ ಒದಗಿತು. ಮರುವರ್ಷ ಸದನ ಪುಣೆಗೆ ಸ್ಥಳಾಂತರಗೊಂಡಿತು. ರಾನಡೆ, ಭಾಂಡಾರಕರ್ ಅವರಂಥವರು ಸಲಹೆಗಾರರಾಗಿದ್ದರು. ರಮಾಬಾಯಿಯವರ ಪ್ರಾರ್ಥನೆಯಲ್ಲಿ ಬಾಲಿಕೆಯರೂ ಕೂಡತೊಡಗಿದಾಗ, ಮತಾಂತರದ ಶಂಕೆಯುಂಟಾಗಿ 1893ರಲ್ಲಿ ಈ ಹಿರಿಯರು ಸಂಬಂಧ ಕಡಿದುಕೊಂಡರು. ಪಾಲಕರು ಹಲವು ಬಾಲಿಕೆಯರನ್ನು ಕರೆದೊಯ್ದರು. ಹಿರಿಯರ ಆತಂಕವೂ ನಿರಾಧಾರವೆನ್ನುವಂತಿರಲಿಲ್ಲ, ರಮಾಬಾಯಿಯವರ ನಂಬಿಕೆಯೂ ಕಪಟವಾಗಿರಲಿಲ್ಲ.

ಇದಕ್ಕೂ ಮೊದಲೇ, 1891ರ ಸುಮಾರಿಗೆ, ಅವರ ಅಂತರಂಗದಲ್ಲಿ ಮಹತ್ತರ ಪರಿವರ್ತನೆಯೊಂದು ಜರುಗಿತ್ತು. ತಾವು ಕ್ರಿಸ್ತನ ಮತವನ್ನು ಸ್ವೀಕರಿಸಿದ್ದರೂ ಕ್ರಿಸ್ತನನ್ನು ಇನ್ನೂ ಪಡೆದಿಲ್ಲವೆಂದು ಅವರಿಗೆ ಹೊಳೆಯಿತು. ಬುದ್ಧಿಯಿಂದ ಒಪ್ಪಿದುದಕ್ಕೆ ಹೃದಯವನ್ನೂ ಒಪ್ಪಿಸಿದರು. ಅಲ್ಲಿಂದಾಚೆಗೆ ಸಂಸ್ಥೆಯ ಪ್ರತಿಯೊಂದು ಅಗತ್ಯವನ್ನೂ ಮೊದಲು ಪ್ರಾರ್ಥನೆಯಲ್ಲಿಟ್ಟು ಬಳಿಕ ದುಡಿಮೆಗೆ ಇಳಿಯುವುದು ಅವರ ಕ್ರಮವಾಯಿತು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ಬಂದ ಸುದ್ದಿ ಕೇಳಿದಾಗ ರಾಯಚೂರಿನ ದಿನಗಳು ಅವರಿಗೆ ಮರುಕಳಿಸಿದವು. ಅಂದು ಏಕೆ ಬದುಕಿ ಉಳಿದೆನೆಂಬ ಪ್ರಶ್ನೆಗೆ ಉತ್ತರ ದೊರಕಿತು. ಕೈಯಲ್ಲಿ ಹಣವಿಲ್ಲದಿದ್ದರೂ ಹೊರಟು, ಸುಮಾರು 300 ಮಂದಿ ಹಸಿದ ಬಾಲಿಕೆಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿಮಿತ್ತ ಅಧಿಕಾರಿಗಳು ಅವರನ್ನಿರಿಸಲು ಒಪ್ಪದಿದ್ದಾಗ, ಮೊದಲೇ ಕೊಂಡಿದ್ದ ಕೇಡಗಾಂವಿನ ಹೊಲಕ್ಕೆ ಕರೆದೊಯ್ದರು. ಪ್ಲೇಗ್ ಶಿಬಿರಗಳಲ್ಲಿ ಸ್ತ್ರೀಯರಿಗಾಗುತ್ತಿದ್ದ ಅನ್ಯಾಯವನ್ನು 1897ರಲ್ಲಿ ಪತ್ರಿಕೆಯ ಮೂಲಕ ನಿರ್ಭಯವಾಗಿ ಪ್ರಕಟಿಸಿದರು. ನಿರುಪಾಯದಿಂದ ಸೇರಿದ ಆ ಹೊಲವೇ ಮುಕ್ತಿಸದನವಾಯಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಸುಮಾರು 2000 ಮಂದಿ ಆಶ್ರಯ ಪಡೆದರು. ಬಾವಿ ತೋಡಿ, ಬೇಸಾಯ ಮಾಡಿ, ನೇಯ್ಗೆ, ಮುದ್ರಣಗಳನ್ನು ಕಲಿತು ಆ ಹೆಣ್ಣುಮಕ್ಕಳು ತಮ್ಮ ಅನ್ನವನ್ನು ತಾವೇ ದುಡಿಯುವಂತಾದರು. ದುಡಿಮೆ ತಿಳಿಯದ ಭಕ್ತಿಯಿಂದ ತಮ್ಮ ಮನೆ ಹಸಿದುದನ್ನು ಕಂಡಿದ್ದ ಮಗಳು ಭಕ್ತಿಗೆ ದುಡಿಮೆಯನ್ನು ಜೋಡಿಸಿದ್ದು ಸಹಜವೇ ಆಗಿತ್ತು.

ಕೊನೆಯ ಪರೀಕ್ಷೆ ಇನ್ನೂ ಕಾದಿತ್ತು. ಮನೋರಮಾ ಸುಶಿಕ್ಷಿತೆಯಾಗಿ ತಾಯಿಯ ಬಲಗೈಯಾಗಿದ್ದರು. ಕಲಬುರಗಿಯಲ್ಲಿ ಶಾಲೆಯೊಂದು ಆರಂಭವಾಗಲೂ ನೆರವಾಗಿದ್ದರು. ಮುಂದೆ ಮುಕ್ತಿಸದನದ ಹೊಣೆ ಅವರದೇ ಎಂದು ಎಲ್ಲರೂ ನಂಬಿದ್ದರು. 1921ರ ಜುಲೈ 24ರಂದು ಮೀರಜಿನಲ್ಲಿ ಮನೋರಮಾ ತೀರಿಕೊಂಡರು. ಒಡಹುಟ್ಟಿದವರನ್ನೂ ಪತಿಯನ್ನೂ ಕಳೆದುಕೊಂಡಿದ್ದ ತಾಯಿಗೆ ಉಳಿದಿದ್ದ ಒಂದೇ ಕುಡಿಯದು. ರಮಾಬಾಯಿ ಆ ದುಃಖವನ್ನು ದೇವರ ಮುಂದಿಟ್ಟು ಕೈಯಲ್ಲಿದ್ದ ಕೆಲಸಕ್ಕೆ ಮರಳಿದರು. ಹಳ್ಳಿಯ ಹೆಣ್ಣುಮಕ್ಕಳಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಅನುವಾದಿಸುವುದೇ ಆ ಕೆಲಸ. ಅದಕ್ಕಾಗಿ ನಡುವಯಸ್ಸಿನಲ್ಲಿ ಆ ಭಾಷೆಗಳನ್ನು ಕಲಿತಿದ್ದರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸುತ್ತಿದ್ದರು. ಅನುವಾದದ ಕೊನೆಯ ಕರಡು ತಿದ್ದಿ ಮುಗಿಸಿದ ಬೆನ್ನಿಗೇ, 1922ರ ಏಪ್ರಿಲ್ 5ರಂದು, ಅವರು ನಿದ್ರೆಯಲ್ಲಿಯೇ ಪ್ರಭುವಿನ ಪಾದ ಸೇರಿದರು.

ಕೇಡಗಾಂವಿನ ಮುಕ್ತಿಸಂಸ್ಥೆ ಇಂದಿಗೂ ನಡೆಯುತ್ತಿದೆ. ತಂದೆ ಕಾಡಿನಲ್ಲಿ ಮಗಳನ್ನು ದೇವರ ಕೈಗೆ ಒಪ್ಪಿಸಿದ್ದು ಒಮ್ಮೆ. ಮಗಳು ತನ್ನನ್ನು ಒಪ್ಪಿಸಿಕೊಂಡದ್ದು ದಿನದಿನವೂ. ಬಂದ ದುಃಖವನ್ನು ಸ್ವೀಕರಿಸುವುದು ಶರಣಾಗತಿಯ ಅರ್ಧಭಾಗ. ಆ ದುಃಖದಿಂದಲೇ ಪರರ ಕಣ್ಣೀರನ್ನೊರಸುವ ಕೈಗಳನ್ನು ಪಡೆಯುವುದು ಉಳಿದರ್ಧ. ರಮಾಬಾಯಿಯವರ ಬಾಳಿನಲ್ಲಿ ಈ ಎರಡೂ ಪೂರ್ಣವಾಗಿದ್ದವು.