ತಾನಾಗಿ ತೆರೆಯುವ ಬಾಗಿಲು



ಮಳೆಗಾಲದಲ್ಲಿ ಸವಳಂಗದ ಕೆರೆ ಕೋಡಿ ಬಿದ್ದರೆ ಊರೆಲ್ಲ ಹಿಗ್ಗುತ್ತದೆ. ಕೋಡಿ ಇಲ್ಲದ ಕೆರೆಯ ಏರಿ ಒಡೆದೀತು. ಆದರೆ ಕೋಡಿಯ ಮೇಲೆ ಹರಿದುಹೋದ ನೀರು ಬೇಸಿಗೆಗೆ ಸಿಗದು. ನೀರನ್ನೂ ಉಳಿಸಿ, ಕಟ್ಟೆಯನ್ನೂ ಕಾಯುವ ಉಪಾಯ ಕಂಡುಹಿಡಿದವರು ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ 1903ರಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಲಾಯಿತು. ನೀರು ಗೊತ್ತಾದ ಮಟ್ಟಕ್ಕೆ ಏರಿದರೆ ಆ ನೀರಿನ ಬಲದಿಂದಲೇ ಬಾಗಿಲು ತೆರೆಯುತ್ತಿತ್ತು; ಇಳಿದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಮುಂದೆ ಕನ್ನಂಬಾಡಿ ಕಟ್ಟೆಗೂ ಇಂಥ ಬಾಗಿಲುಗಳು ಬಂದವು. ಯಂತ್ರವು ತನ್ನ ಸ್ಥಿತಿಯನ್ನು ಅರಿತು ತಾನೇ ತಿದ್ದಿಕೊಳ್ಳುವ ಈ ತತ್ತ್ವದ ಮೇಲೆ ಇಂದು ನಿಯಂತ್ರಣ ಸಿದ್ಧಾಂತವೆಂಬ ಶಾಸ್ತ್ರವೇ ಬೆಳೆದಿದೆ.

1912ರಲ್ಲಿ ಅವರು ಮೈಸೂರಿನ ದಿವಾನರಾದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರೊಡನೆ ಅಭಿಪ್ರಾಯಭೇದ ಬಂದು 1918ರಲ್ಲಿ ಅಧಿಕಾರ ಬಿಟ್ಟರು. ಆ ವಿಷಯದಲ್ಲಿ ಮಹಾರಾಜರ ದಾರಿಯೇ ಬಡವರಿಗೆ ಹಿತವಾಯಿತೆಂದು ನಾವು ಹೇಳಬೇಕು. ಆದರೂ ಅವರು ಮುನಿಸಿಕೊಂಡು ಕೂರಲಿಲ್ಲ. 1923ರಲ್ಲಿ ನಮ್ಮ ನೆರೆಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನೆಲೆಗೊಳಿಸಿದರು. 1955ರಲ್ಲಿ ಭಾರತರತ್ನ ಪಡೆದು, 1962ರ ಏಪ್ರಿಲ್ 14ರಂದು ತೀರಿಕೊಂಡರು.

ಈಗ ನಮ್ಮ ಕುಟುಂಬಗಳನ್ನು ನೋಡೋಣ. ಕೋಪವನ್ನು ಒಳಗೇ ಕಟ್ಟಿಟ್ಟವನ ಏರಿ ಒಂದು ದಿನ ಹೆಂಡತಿ ಮಕ್ಕಳ ಮೇಲೆ ಒಡೆಯುತ್ತದೆ. ದುಡಿದದ್ದನ್ನೆಲ್ಲ ಕುಡಿತಕ್ಕೆ ಹರಿಯಬಿಟ್ಟವನ ಮನೆಯಲ್ಲಿ ಕಷ್ಟಕಾಲಕ್ಕೆ ಏನೂ ಉಳಿಯದು. ಸ್ವಾಮಿಗಳು ಗದರಿಸಿದಾಗ, ಅಕ್ಕಪಕ್ಕದವರು ನೋಡುವಾಗ ಮಾತ್ರ ತಡೆದುಕೊಂಡರೆ ಅದು ಸಂಯಮವಲ್ಲ. ಕಾವಲುಗಾರ ಹೋದೊಡನೆ ಅದೂ ಹೋಗುತ್ತದೆ. ಸದ್ಗುಣವೆಂದರೆ ಅಭ್ಯಾಸದಿಂದ ಒಳಗೇ ನೆಲೆಸುವ ಶಕ್ತಿಯೆಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು.

ಆದರೆ ನೆನಪಿಡಿ: ಬಾಗಿಲು ಯಾವ ಮಟ್ಟದಲ್ಲಿ ತೆರೆಯಬೇಕೆಂಬುದನ್ನು ಬಾಗಿಲು ನಿರ್ಧರಿಸಲಿಲ್ಲ, ಅದನ್ನು ಮಾಡಿದವರು ನಿರ್ಧರಿಸಿದರು. ನಮ್ಮ ಮನಸ್ಸಾಕ್ಷಿಯ ಮಟ್ಟವನ್ನು ಗೊತ್ತುಮಾಡುವುದು ನಮ್ಮನ್ನು ಸೃಷ್ಟಿಸಿದ ದೇವರ ವಾಕ್ಯ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಎರಡು ನಿಮಿಷ ಮನಸ್ಸಾಕ್ಷಿಯನ್ನು ಪರೀಕ್ಷಿಸಿಕೊಳ್ಳಿ. ಇಂದು ನಾನು ಎಲ್ಲಿ ತೆರೆಯಬೇಕಿತ್ತು, ಎಲ್ಲಿ ಮುಚ್ಚಬೇಕಿತ್ತು ಎಂದು ಕೇಳಿಕೊಳ್ಳಿ. ಉಳಿದದ್ದನ್ನು ದೇವರ ಕೃಪೆ ನಡೆಸುತ್ತದೆ.