ಮೀನಿನ ದಾರಿ ಹುಡುಕಿದ ಅರಿಸ್ಟಾಟಲ್

ಮಕ್ಕಳೇ, ಅರಿಸ್ಟಾಟಲ್ ಎಂಬ ಹೆಸರನ್ನು ನೀವು ಕೇಳಿರಬಹುದು. ಅಲೆಗ್ಸಾಂಡರನ ಗುರು ಎಂದೇ ಆತ ಹೆಚ್ಚು ಪರಿಚಿತ. ಆದರೆ ಸಮುದ್ರದ ದೊಡ್ಡ ಮೀನುಗಳು ಏನು ತಿನ್ನುತ್ತವೆ, ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ವಿಚಾರಿಸಿ ಬರೆದಿಟ್ಟವನೂ ಆತನೇ.

ಅರಿಸ್ಟಾಟಲ್ ಕ್ರಿ.ಪೂ. 384ರಲ್ಲಿ ಉತ್ತರ ಗ್ರೀಸಿನ ಸ್ಟಗೀರ ಎಂಬ ಊರಿನಲ್ಲಿ ಹುಟ್ಟಿದ. ತಂದೆ ನಿಕೋಮಾಕಸ್ ಮ್ಯಾಸಿಡೋನಿಯದ ರಾಜನ ವೈದ್ಯ. ಹದಿನೇಳನೆಯ ವಯಸ್ಸಿನಲ್ಲಿ ಅರಿಸ್ಟಾಟಲ್ ಅಥೆನ್ಸಿಗೆ ಹೋಗಿ ಪ್ಲೇಟೋನ ಶಿಷ್ಯನಾದ. ಸುಮಾರು 20 ವರ್ಷ ಅಲ್ಲಿಯೇ ಕಳೆದ. ಪ್ಲೇಟೋ ತೀರಿಕೊಂಡ ಮೇಲೆ ಅಥೆನ್ಸ್ ಬಿಟ್ಟು, ಕೆಲಕಾಲದ ನಂತರ ಲೆಸ್ಬೋಸ್ ಎಂಬ ದ್ವೀಪಕ್ಕೆ ಬಂದ. ಅಲ್ಲಿ ಸಮುದ್ರವು ನೆಲದೊಳಕ್ಕೆ ಚಾಚಿಕೊಂಡು ಒಂದು ಶಾಂತವಾದ ಕೊಲ್ಲಿಯಾಗಿದೆ. ಅದರಲ್ಲಿನ ಜೀವಿಗಳನ್ನು ಆತ ಗಮನಿಸತೊಡಗಿದ. ಮೀನುಗಳನ್ನು ಕೊಯ್ದು ಒಳಗಿನ ಅಂಗಗಳನ್ನು ಪರೀಕ್ಷಿಸಿದ. ತನಗೆ ಕಾಣದ ಸಂಗತಿಗಳನ್ನು ಬೆಸ್ತರಿಂದ ಕೇಳಿ ತಿಳಿದುಕೊಂಡ.

ಆ ಬೆಸ್ತರಿಗೆ ಚೆನ್ನಾಗಿ ಗೊತ್ತಿದ್ದ ಮೀನು ಟ್ಯೂನಾ. ನಮ್ಮ ಕರಾವಳಿಯ ಬಂಗುಡೆಯೂ ಇದೇ ಕುಟುಂಬಕ್ಕೆ ಸೇರಿದೆ. ಆದರೆ ಮೆಡಿಟರೇನಿಯನ್ ಸಮುದ್ರದ ನೀಲಿ ರೆಕ್ಕೆಯ ಟ್ಯೂನಾ ಬಂಗುಡೆಯಂತೆ ಪುಟ್ಟದಲ್ಲ. ಅದು 3 ಮೀಟರು ಉದ್ದ ಬೆಳೆಯಬಲ್ಲದು! ಬೇರೆ ಮೀನುಗಳನ್ನು ಬೇಟೆಯಾಡಿ ತಿನ್ನುತ್ತದೆ. ಇಂತಹ ಮೀನುಗಳು ಹಿಂಡು ಹಿಂಡಾಗಿ ಇಕ್ಕಟ್ಟಾದ ಜಲಸಂಧಿಗಳನ್ನು ದಾಟಿ ಕಪ್ಪು ಸಮುದ್ರಕ್ಕೆ ಹೋಗಿ, ಮತ್ತೆ ಹಿಂದಿರುಗುತ್ತಿದ್ದವು.

ಅಷ್ಟು ದೂರ ಏಕೆ ಹೋಗಬೇಕು? ಅರಿಸ್ಟಾಟಲ್ ಕಾರಣ ಹುಡುಕಿದ. ಕಪ್ಪು ಸಮುದ್ರಕ್ಕೆ ದೊಡ್ಡ ನದಿಗಳು ಸಿಹಿನೀರು ತರುತ್ತವೆ. ಅಲ್ಲಿ ಆಹಾರ ಹೇರಳ. ಮರಿಗಳನ್ನು ತಿನ್ನುವ ದೊಡ್ಡ ಜೀವಿಗಳು ಕಡಿಮೆ. ಆದ್ದರಿಂದ ಮೀನುಗಳು ಮೇಯಲು ಮತ್ತು ಮೊಟ್ಟೆಯಿಡಲು ಅಲ್ಲಿಗೆ ಹೋಗುತ್ತವೆ ಎಂದು ಬರೆದ. ಆಹಾರಕ್ಕೂ ವಲಸೆಗೂ ಸಂಬಂಧವಿದೆ ಎಂಬ ಈ ಮಾತನ್ನು ವಿಜ್ಞಾನ ಇಂದೂ ಒಪ್ಪುತ್ತದೆ.

ಆತ ಬರೆದದ್ದೆಲ್ಲ ಸರಿಯಾಗಿರಲಿಲ್ಲ. ಟ್ಯೂನಾ ಎರಡೇ ವರ್ಷ ಬದುಕುತ್ತದೆ ಎಂದು ಆತ ದಾಖಲಿಸಿದ್ದಾನೆ. ಒಂದು ವರ್ಷ ಮರಿ ಮೀನುಗಳು ಸಿಗಲಿಲ್ಲ. ಮರುವರ್ಷ ದೊಡ್ಡ ಮೀನುಗಳು ಸಿಗಲಿಲ್ಲ. ಇದರಿಂದ ಬೆಸ್ತರು ಹಾಗೆ ಲೆಕ್ಕ ಹಾಕಿದ್ದರು. ಇಂದು ವಿಜ್ಞಾನಿಗಳು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಂಥ ಭಾಗವನ್ನು ಸೀಳಿ, ಮರದ ಉಂಗುರಗಳಂತೆ ಅದರ ಉಂಗುರಗಳನ್ನು ಎಣಿಸುತ್ತಾರೆ. ಈ ಟ್ಯೂನಾ 30 ವರ್ಷಕ್ಕೂ ಹೆಚ್ಚು ಬದುಕಬಲ್ಲದು ಎಂದು ತಿಳಿದುಬಂದಿದೆ. ಬೆಸ್ತರು ಹಾಗೆ ತೀರ್ಮಾನಿಸಿದ್ದು ಏಕೆ ಎಂಬುದನ್ನೂ ಅರಿಸ್ಟಾಟಲ್ ಬರೆದಿಟ್ಟಿದ್ದರಿಂದಲೇ ತಪ್ಪು ಎಲ್ಲಾಯಿತು ಎಂದು ನಮಗೆ ಗೊತ್ತಾಗುತ್ತದೆ.

ಮುಂದೆ ಆತ ಬಾಲಕ ಅಲೆಗ್ಸಾಂಡರನಿಗೆ ಪಾಠ ಹೇಳಿದ. ಕ್ರಿ.ಪೂ. 335ರಲ್ಲಿ ಅಥೆನ್ಸಿಗೆ ಮರಳಿ ಲೈಸಿಯಂ ಎಂಬಲ್ಲಿ ತನ್ನದೇ ಶಾಲೆ ನಡೆಸಿದ. ಅಲೆಗ್ಸಾಂಡರ್ ಸತ್ತ ಮೇಲೆ ಅಥೆನ್ಸಿನಲ್ಲಿ ಮ್ಯಾಸಿಡೋನಿಯದವರ ಮೇಲೆ ದ್ವೇಷ ಬೆಳೆಯಿತು. ಆತ ಊರು ಬಿಡಬೇಕಾಯಿತು. ಕ್ರಿ.ಪೂ. 322ರಲ್ಲಿ ಕಾಲ್ಕಿಸ್ ಎಂಬಲ್ಲಿ ತೀರಿಕೊಂಡ.

ಇಂದು ಟ್ಯೂನಾ ಮೀನಿಗೆ ಪುಟ್ಟ ಎಲೆಕ್ಟ್ರಾನಿಕ್ ಉಪಕರಣ ಸಿಕ್ಕಿಸಿ ಬಿಡುತ್ತಾರೆ. ನೀರಿನ ಆಳ, ಉಷ್ಣತೆ ಮತ್ತು ಬೆಳಕನ್ನು ಅದು ದಾಖಲಿಸುತ್ತದೆ. ಹೀಗಾಗಿ ಕೆಲವು ಮೀನುಗಳು ಅಟ್ಲಾಂಟಿಕ್ ಸಾಗರವನ್ನೇ ದಾಟುತ್ತವೆ ಎಂದು ತಿಳಿದಿದೆ. ಆದರೆ ಅರಿಸ್ಟಾಟಲ್ ಬರೆದ ಆ ಹಳೆಯ ದಾರಿ? 1980ರ ದಶಕದ ಹೊತ್ತಿಗೆ ಈ ಟ್ಯೂನಾ ಕಪ್ಪು ಸಮುದ್ರಕ್ಕೆ ಬರುವುದೇ ನಿಂತುಹೋಯಿತು. ಮಿತಿಮೀರಿದ ಮೀನುಗಾರಿಕೆ ಮತ್ತು ನೀರಿನ ಮಾಲಿನ್ಯ ಇದಕ್ಕೆ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಸಾವಿರಾರು ವರ್ಷ ನಡೆದ ಒಂದು ವಲಸೆಯನ್ನು ನಾವು ಕಳೆದುಕೊಂಡಿದ್ದೇವೆ ಎಂದು ತಿಳಿಯಲು ಆತನ ಬರಹವೂ ಒಂದು ಸಾಕ್ಷಿ.

ನಿಮ್ಮ ಊರಿನ ಕೆರೆಗೆ ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ? ಏನು ತಿನ್ನುತ್ತದೆ? ಯಾವಾಗ ಹೋಗುತ್ತದೆ? ಹಿರಿಯರನ್ನು ಕೇಳಿ, ನೀವೇ ನೋಡಿ, ದಿನಾಂಕ ಹಾಕಿ ಬರೆದಿಡಿ. ಮುಂದೊಂದು ದಿನ ಆ ಟಿಪ್ಪಣಿ ಯಾರಿಗಾದರೂ ಬೇಕಾದೀತು.